ಕೆಳಗಿಡಬಾರದ ಚೆಂಡು

ಎಪ್ಪತ್ತರ ದಶಕ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಜುಲೈ ತಿಂಗಳು. ವರ್ಷ ಯಾವುದೆಂದು ಬರೆದರೆ ಕ್ರಿಕೆಟ್ ಬಲ್ಲ ಓದುಗರು ಆ ಪಂದ್ಯವನ್ನೂ ಆ ಬೌಲರನ್ನೂ ಕೂಡಲೇ ಗುರುತಿಸಿಬಿಡುತ್ತಾರೆ. ಆದ್ದರಿಂದ ಬರೆಯುವುದಿಲ್ಲ. ಆ ಬೌಲರನ್ನು ಇಲ್ಲಿ ರಘು ಎಂದು ಕರೆಯುತ್ತೇನೆ. ನಾವು ಅವನನ್ನು ಅಣ್ಣ ಎನ್ನುತ್ತಿದ್ದೆವು, ಆದ್ದರಿಂದ ರಘಣ್ಣ.

ಆಗ ನಾನು ಗಣಿತದಲ್ಲಿ ಎಂ.ಎಸ್ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ನಾವು ಧಾರವಾಡದ ಕಡೆಯವರು. ತಂದೆಗೆ ರೈಲ್ವೆ ಕಚೇರಿಯಲ್ಲಿ ಕೆಲಸ. ಮಾಟುಂಗದ ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ ನಮ್ಮ ಮನೆ. ಮುಂದೆ ಉದ್ದನೆಯ ಗ್ಯಾಲರಿ, ಅದರ ಉದ್ದಕ್ಕೂ ಬಾಗಿಲುಗಳು. ನಮ್ಮ ಪಕ್ಕದ ಬಾಗಿಲು ರಾಯರದು. ಉಡುಪಿ ಕಡೆಯವರು, ಬಟ್ಟೆ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಅವರನ್ನು ದೊಡ್ಡಪ್ಪ ಎಂದೂ, ಅವರ ಹೆಂಡತಿ ಸುಶೀಲಮ್ಮನವರನ್ನು ದೊಡ್ಡಮ್ಮ ಎಂದೂ ಕರೆಯುತ್ತಿದ್ದೆ. ರಘಣ್ಣ ಅವರ ಹಿರಿಯ ಮಗ.

ದೊಡ್ಡಪ್ಪ ಪ್ರಾಯದಲ್ಲಿ ಆಫೀಸಿನ ಟೀಮಿಗೆ ಆಫ್ ಸ್ಪಿನ್ ಹಾಕುತ್ತಿದ್ದರಂತೆ. ಆ ವಿದ್ಯೆಯನ್ನು ಮಗನಿಗೆ ಕಲಿಸಿದ್ದು ಇದೇ ಗ್ಯಾಲರಿಯಲ್ಲಿ. ತಾವೊಂದು ಚೆಂಡು ಹಾಕುವುದು, ಮಗನಿಗೆ ಅದೇ ರೀತಿ ಹಾಕಲು ಹೇಳುವುದು. ನಮ್ಮ ಬಾಗಿಲಿನ ಎದುರಿಗೆ ಚೆಂಡು ಬಿದ್ದು ಬಿದ್ದು ಹಾಸುಗಲ್ಲಿನ ಮೇಲೆ ಅಂಗೈ ಅಗಲದ ಒಂದು ಜಾಗ ಸವೆದು ನುಣುಪಾಗಿತ್ತು. ಮಳೆಗಾಲದಲ್ಲಿ ಅಲ್ಲಿ ಮಾತ್ರ ನೀರು ನಿಲ್ಲುತ್ತಿತ್ತು.

ಅವರ ಮನೆಯಲ್ಲಿ ಒಂದು ರೂಢಿ ಇತ್ತು. ತಂದೆ ಮಗ ಇಬ್ಬರ ಜೇಬಿನಲ್ಲೂ ಯಾವಾಗಲೂ ಒಂದೊಂದು ಹಳೆಯ ಚೆಂಡು ಇರುತ್ತಿತ್ತು. ಲೋಕಲ್ ರೈಲಿಗೆ ಕಾಯುವಾಗ, ತರಕಾರಿ ಕೊಳ್ಳುವಾಗ, ಮಾತಾಡುವಾಗ ಬೆರಳುಗಳು ಅದನ್ನು ತಿರುಗಿಸುತ್ತಲೇ ಇರುತ್ತಿದ್ದವು. "ಸ್ಪಿನ್ನರನ ಕೈ ತಣ್ಣಗಾಗ್ಬಾರ್ದು" ಎನ್ನುವುದು ದೊಡ್ಡಪ್ಪನ ಮಾತು.

ಆ ವರ್ಷ ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿದಿತ್ತು. ಎಡಭಾಗ ಹೋಯಿತು, ಮಾತೂ ಹೋಯಿತು. ಬಲಗೈ ಒಂದೇ ಉಳಿದದ್ದು. ರಘಣ್ಣ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟ ದಿನ ನಾವೆಲ್ಲ ಬೀಳ್ಕೊಡಲು ಅವರ ಮನೆಗೆ ಹೋಗಿದ್ದೆವು. ಅವನು ಮಂಚದ ಬಳಿ ಕೂತು, ತನ್ನ ಜೇಬಿನ ಚೆಂಡನ್ನು ತಂದೆಯ ಬಲಗೈಯಲ್ಲಿಟ್ಟು, ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿ, "ಅಪ್ಪಯ್ಯ, ನಾನು ಬರುವವರೆಗೆ ಇದನ್ನು ಕೆಳಗಿಡ್ಬೇಡಿ" ಎಂದ.

ಅವನ ಪರಿಸ್ಥಿತಿ ನಮಗೆಲ್ಲ ಗೊತ್ತಿತ್ತು. ದೇಶದಲ್ಲಿ ಸ್ಪಿನ್ನರುಗಳಿಗೆ ಬರವಿಲ್ಲದ ಕಾಲ ಅದು. ಅವನನ್ನು ಎರಡು ಸಲ ತಂಡಕ್ಕೆ ತೆಗೆದುಕೊಂಡು ಎರಡು ಸಲ ಬಿಟ್ಟಿದ್ದರು. ಇಂಗ್ಲೆಂಡಿನಲ್ಲೂ ಮೊದಲ ಪಂದ್ಯದಲ್ಲಿ ಆಡಿಸಲಿಲ್ಲ. ಯಾರಿಗೋ ಭುಜ ನೋವಾಗಿ ಈ ಟೆಸ್ಟಿನಲ್ಲಿ ಅವಕಾಶ ಸಿಕ್ಕಿತ್ತು. ಇದರಲ್ಲೂ ಆಗದಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲ ಎನ್ನುವುದು ಗ್ಯಾಲರಿಯ ಮಕ್ಕಳಿಗೂ ತಿಳಿದಿತ್ತು.

ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದು. ಕಾಮೆಂಟರಿಯನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಕರೆದರು. ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಆಟ ಶುರುವಾದಾಗ ನಮಗೆ ಸಂಜೆ ನಾಲ್ಕು ಗಂಟೆ. ಹೊರಗೆ ಮಳೆ ಸುರಿಯುತ್ತಿರುತ್ತಿತ್ತು. ಕೋಣೆಯಲ್ಲಿ ಆಗಲೇ ಅರೆಗತ್ತಲು. ಕಪಾಟಿನ ಮೇಲೆ ದೊಡ್ಡ ರೇಡಿಯೋ, ಅದರ ನಡುವೆ ಹಸಿರು ಕಣ್ಣಿನಂಥ ಒಂದು ದೀಪ. ಧ್ವನಿ ಅಲೆಯಲೆಯಾಗಿ ಬಂದು ಹೋಗುತ್ತಿತ್ತು. ಅದು ಕ್ಷೀಣಿಸಿದಾಗ ಆ ಹಸಿರು ಕಣ್ಣೂ ಅರ್ಧ ಮುಚ್ಚುತ್ತಿತ್ತು.

ಎರಡನೆಯ ದಿನ ರಘಣ್ಣನಿಗೆ ಮೊದಲ ಬಾರಿ ಚೆಂಡು ಕೊಟ್ಟರು. ಆಗ ದೊಡ್ಡಪ್ಪನ ಕೈ ಹೊದಿಕೆಯ ಮೇಲೆ ಚಲಿಸತೊಡಗಿತು. ತೋರುಬೆರಳು ಮತ್ತು ನಡುಬೆರಳು ಚೆಂಡಿನ ಹೊಲಿಗೆಯ ಮೇಲೆ ಅಗಲವಾಗಿ ಕೂರುತ್ತಿದ್ದವು. ಬೀಗದ ಕೈಯನ್ನು ಬಲಕ್ಕೆ ತಿರುಗಿಸುವ ಹಾಗೆ ಒಂದು ತಿರುವು. ಚೆಂಡು ಅಂಗೈಯಲ್ಲೇ ಸುತ್ತಿ ನಿಲ್ಲುತ್ತಿತ್ತು. ಕಾಮೆಂಟರಿ ಕೇಳಿ ಹೀಗೆ ಮಾಡುತ್ತಾರೆ ಎಂದುಕೊಂಡೆ. ಪಾಪ ಅನ್ನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಕ್ರಮ ತಪ್ಪಾಗಿದೆ ಎಂದು ನನ್ನ ಗಮನಕ್ಕೆ ಬಂತು. ಬೆರಳು ತಿರುಗಿದ ಮೇಲೆ ರೇಡಿಯೋದವನು "ರಘು ಓಡಿ ಬರುತ್ತಿದ್ದಾರೆ" ಎನ್ನುತ್ತಿದ್ದ. ಒಮ್ಮೆ ದೊಡ್ಡಪ್ಪನ ಬೆರಳು ತಿರುಗದೆ ಚೆಂಡಿನ ಮೇಲೆ ಸುಮ್ಮನೆ ಜಾರಿತು. ಆಮೇಲೆ ರೇಡಿಯೋ ಹೇಳಿತು: ಈ ಚೆಂಡು ತಿರುಗಲೇ ಇಲ್ಲ, ನೇರ ಹೋಯಿತು, ಬೌಲ್ಡ್.

ಗಣಿತ ಓದಿದವಳು ನಾನು. ಪರೀಕ್ಷಿಸದೆ ಏನನ್ನೂ ನಂಬಬಾರದೆಂದು ಕಲಿತವಳು. ರೇಡಿಯೋದ ಸದ್ದನ್ನು ತೀರ ತಗ್ಗಿಸಿ, ಅದಕ್ಕೆ ಕಿವಿ ಹಚ್ಚಿ, ದೊಡ್ಡಪ್ಪನ ಕೈಯನ್ನೇ ನೋಡುತ್ತ ಕೂತೆ. ಮಂಚದವರೆಗೆ ಆ ಸದ್ದು ಕೇಳಿಸುವುದು ಸಾಧ್ಯವಿರಲಿಲ್ಲ. ಅವರ ಕಣ್ಣು ಸೂರಿನ ಮೇಲಿನ ತೇವದ ಕಲೆಯಲ್ಲಿ ನೆಟ್ಟಿತ್ತು. ಬೆರಳು ತಿರುಗಿತು. ನನ್ನ ಕಿವಿಯೊಳಗೆ ಸಣ್ಣ ಧ್ವನಿ ರಘಣ್ಣ ಓಡಿ ಬಂದ ಎಂದಿತು. ಬೆರಳು ನಿಂತಿತು. ಓವರ್ ಮುಗಿಯಿತು ಎಂದಿತು. ಇನ್ನೊಬ್ಬ ಬೌಲ್ ಮಾಡುವಷ್ಟು ಹೊತ್ತು ಆ ಕೈ ಕಲ್ಲಿನ ಹಾಗೆ ಬಿದ್ದುಕೊಂಡಿತ್ತು.

ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮನನ್ನು ಕೇಳಿದೆ. "ದೊಡ್ಡಮ್ಮ, ಇವರ ಕೈ ನೋಡಿದ್ದೀರಾ?"

"ಎಂತ ನೋಡುವುದು? ಅವ ಅಲ್ಲಿ ಹಾಕ್ತಾನೆ, ಇವರು ಇಲ್ಲಿ ಹಾಕ್ತಾರೆ."

"ಆದರೆ ಇವರದು ಮೊದಲು ಆಗ್ತದೆ."

"ಗ್ಯಾಲರಿಯಲ್ಲಿ ಹೇಗಿತ್ತು? ಇವರು ಮೊದಲು, ಅವ ನಂತರ. ಅದರಲ್ಲಿ ಹೊಸತು ಎಂತ ಉಂಟು ಮಾರಾಯ್ತಿ?" ಎಂದು ಒಂದು ಕಲ್ಲನ್ನು ಆರಿಸಿ ಆಚೆ ಇಟ್ಟರು.

ನಾನು ಯಾರಿಗೂ ಹೇಳಲಿಲ್ಲ. ಪಂದ್ಯದ ನಡುವೆ ಒಂದು ವಿಶ್ರಾಂತಿಯ ದಿನ ಇರುತ್ತಿತ್ತು. ಆ ದಿನ ಏನೋ ನೆಪ ಮಾಡಿಕೊಂಡು ಹೋಗಿ ನೋಡಿದೆ. ದೊಡ್ಡಪ್ಪ ಎಚ್ಚರವಾಗಿಯೇ ಇದ್ದರು. ಚೆಂಡು ಕೈಯಲ್ಲೇ ಇತ್ತು. ಬೆರಳು ಒಮ್ಮೆಯೂ ಅಲುಗಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ನಾನು ಹುಟ್ಟಿನಿಂದ ಎಡಚಿ. ಚಿಕ್ಕಂದಿನಲ್ಲಿ ಎಡಗೈ ಚಾಚಿದಾಗಲೆಲ್ಲ ಅವ್ವ ಅದರ ಮೇಲೊಂದು ಪೆಟ್ಟು ಕೊಟ್ಟು, "ಎಡಗೈಲೆ ಕೊಡಬ್ಯಾಡ, ಮಂದಿ ಏನಂದಾರು?" ಎನ್ನುತ್ತಿದ್ದಳು. ಉಣ್ಣುವುದು, ಬರೆಯುವುದು, ಕೊಡುವುದು, ಕೊಳ್ಳುವುದು ಎಲ್ಲವನ್ನೂ ಬಲಗೈಗೆ ಕಲಿಸಿದೆ. ಕಾಲೇಜಿನ ಗೆಳತಿಯರಿಗೂ ಗೊತ್ತಾಗದಷ್ಟು ಚೆನ್ನಾಗಿ ಕಲಿಸಿದ್ದೆ. ಒಬ್ಬಳೇ ಇರುವಾಗ, ಇಲ್ಲವೇ ಮೈಮರೆತಾಗ ಮಾತ್ರ ಕೆಲಸ ಎಡಗೈಗೆ ಹೋಗುತ್ತಿತ್ತು.

ಪಂದ್ಯದ ಕಡೆಯ ದಿನ ಬೆಳಿಗ್ಗೆ ದೊಡ್ಡಪ್ಪನಿಗೆ ಉಸಿರಾಟ ಭಾರವಾಯಿತು. ಡಾಕ್ಟರು ಬಂದು ನೋಡಿ, "ಎಲ್ಲಿಗೂ ಕರೆದುಕೊಂಡು ಹೋಗಿ ಪ್ರಯೋಜನವಿಲ್ಲ, ಪಕ್ಕದಲ್ಲಿರಿ" ಎಂದು ಹೋದರು. ಕಿರಿಯ ಮಗ ಪುಣೆಯಲ್ಲಿದ್ದ. ನನ್ನ ತಂದೆ ಅವನಿಗೆ ಸುದ್ದಿ ಮುಟ್ಟಿಸಿದರು. ರಾತ್ರಿಯೊಳಗೆ ಬರುವವನಿದ್ದ. "ರಘುವಿಗೂ ಟ್ರಂಕ್ ಕಾಲ್ ಬುಕ್ ಮಾಡಲೇ?" ಎಂದು ತಂದೆ ಕೇಳಿದಾಗ ದೊಡ್ಡಮ್ಮ ಕೈಯಾಡಿಸಿ ಬೇಡವೆಂದರು. "ಇವತ್ತು ಒಂದು ದಿನ ಅವ ಆಡ್ಲಿ. ಹೇಳುವುದು ಇದ್ದೇ ಉಂಟು."

ನಾಲ್ಕು ಗಂಟೆಗೆ ನಾನು ರೇಡಿಯೋ ಹಚ್ಚಿದೆ. ದೊಡ್ಡಮ್ಮ ಮಂಚದ ಅಂಚಿನಲ್ಲಿ ಗಂಡನ ಕಡೆ ಮುಖ ಮಾಡಿ, ನನಗೆ ಬೆನ್ನು ಮಾಡಿ ಕೂತಿದ್ದರು. ಎದುರಾಳಿಗಳ ಕಡೆಯ ಇನಿಂಗ್ಸ್. ರಘಣ್ಣನಿಗೆ ಬೇಗನೆ ಚೆಂಡು ಕೊಟ್ಟರು. ಮೊದಲ ಓವರುಗಳು ಅಚ್ಚುಕಟ್ಟಾಗಿದ್ದವು. ದೊಡ್ಡಪ್ಪನ ಬೆರಳು ನಿಧಾನವಾಗಿಯಾದರೂ ತಿರುಗುತ್ತಿತ್ತು.

ಲಂಚಿಗೆ ಇನ್ನೂ ಹೊತ್ತಿರುವಾಗ ಟಪ್ ಎಂದು ಸದ್ದಾಯಿತು. ಚೆಂಡು ಕೈಯಿಂದ ಬಿದ್ದು, ನೆಲದ ಮೇಲೆ ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು. ನಾನು ತಲೆಯೆತ್ತಿದೆ. ದೊಡ್ಡಮ್ಮ ಮುಂದಕ್ಕೆ ಬಾಗಿ ಗಂಡನ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಹಾಗೆಯೇ ಇದ್ದರು.

"ನಿದ್ದೆ ಬಂತಾ?" ಎಂದೆ.

"ಹೌದು, ನಿದ್ದೆ" ಎಂದರು.

ರೇಡಿಯೋದಲ್ಲಿ ರಘಣ್ಣ ಹಾಕಿದ ಚೆಂಡು ಕೈ ಜಾರಿ, ನೆಲಕ್ಕೆ ಬೀಳದೆ ನೇರ ಬ್ಯಾಟಿಗೆ ಹೋಗಿ ಫುಲ್ ಟಾಸ್ ಆಯಿತು. ಬೌಂಡರಿ. ಮುಂದಿನದೂ ಹಾಗೆಯೇ. ಅವರು ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದಾರೆ, ಚಳಿ ಇರಬೇಕು ಎಂದ ಕಾಮೆಂಟರಿಯವನು. ಹೊರಗೆ ಗ್ಯಾಲರಿಯಲ್ಲಿ ತುದಿಯ ಮನೆಯ ಕಾಮತ್ ಮಾಮ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು ಕೂತಿದ್ದರು. ಒಳಗಿನ ಸ್ಥಿತಿ ಅಷ್ಟಾಗಿ ತಿಳಿಯದ ಮನುಷ್ಯ. "ಏ ರಘೂ, ಇದೇನು ಮದುವೆ ಮನೆಯಾ? ಲಡ್ಡು ಹಂಚ್ತಾ ಇದ್ದೀಯಲ್ಲೋ!" ಎಂದು ಕೂಗಿದರು. ಯಾರೋ ನಕ್ಕರು. ಕ್ಯಾಪ್ಟನ್ ರಘಣ್ಣನಿಂದ ಚೆಂಡು ತೆಗೆದುಕೊಂಡ.

ದೊಡ್ಡಮ್ಮ ತಿರುಗದೆಯೇ ಹೇಳಿದರು. "ಚೆಂಡು ನೆಲದಲ್ಲಿ ಉಂಟು. ತಗೋ ಮಗಾ."

ಎತ್ತಿ ಅವರ ಬಳಿಗೆ ಒಯ್ದೆ.

"ನನಗಲ್ಲ. ನೀನು ಹಿಡ್ಕೋ. ಅವ ಬರುವವರೆಗೆ ಕೆಳಗಿಡ್ಬಾರ್ದು ಅಂತ ಹೇಳಿ ಹೋಗಿದ್ದಾನೆ."

"ನಾನಾ? ನೀವೇ ಹಿಡಿಯಿರಿ ದೊಡ್ಡಮ್ಮ."

"ನನ್ನ ಕೈ ಇವರ ಕೈಯಲ್ಲಿ ಉಂಟು. ಇಷ್ಟು ದಿನ ಕೂತು ನೋಡಿದವಳು ನೀನು. ಹೇಗೆ ತಿರುಗಿಸುವುದು ಅಂತ ನಿನಗೆ ಗೊತ್ತುಂಟು."

ಬೇಡವೆನ್ನುವುದು ನನ್ನಿಂದ ಆಗಲಿಲ್ಲ. ಚೆಂಡು ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು. ಹೊಲಿಗೆ ಇನ್ನೂ ಬೆಚ್ಚಗಿತ್ತು.

ಅಲ್ಲಿ ಲಂಚ್ ಆದಾಗ ಇಲ್ಲಿ ಆರು ಗಂಟೆ. ಕಾಫಿ ಮಾಡಲೇ ಎಂದು ಕೇಳಿದೆ. "ಈ ಮನೆಯಲ್ಲಿ ಈಗ ಒಲೆ ಹಚ್ಚುವುದು ಬೇಡ. ನಿಮ್ಮಲ್ಲಿ ಹೋಗಿ ಕುಡಿದು ಬಾ" ಎಂದರು. ನಾನು ಹೋಗಲಿಲ್ಲ. ಕತ್ತಲಾಗುತ್ತ ಬಂತು. ಪ್ರತಿದಿನ ಆ ಹೊತ್ತಿಗೆ ಅವರು ದೇವರ ಮುಂದೆ ದೀಪ ಹಚ್ಚುತ್ತಿದ್ದರು. "ನಾನು ಹಚ್ಚಲೇ?" ಎಂದೆ. "ಇವತ್ತು ಬೇಡ." ಕೋಣೆಯಲ್ಲಿದ್ದ ಬೆಳಕು ರೇಡಿಯೋದ ಆ ಹಸಿರು ಕಣ್ಣಿನದು ಮಾತ್ರ.

ಲಂಚ್ ಆದ ಮೇಲೆ ಕ್ಯಾಪ್ಟನ್ ಏನೆಂದುಕೊಂಡನೋ, ಮತ್ತೆ ರಘಣ್ಣನಿಗೇ ಚೆಂಡು ಕೊಟ್ಟ. ನಾನು ಎರಡು ಬೆರಳುಗಳನ್ನು ಹೊಲಿಗೆಯ ಮೇಲೆ ಅಗಲಿಸಿ, ದೊಡ್ಡಪ್ಪ ಮಾಡುತ್ತಿದ್ದ ಹಾಗೆ ತಿರುಗಿಸಿದೆ. ಹುಚ್ಚುತನವೆಂದು ತಿಳಿದಿತ್ತು. ಆದರೂ ತಿರುಗಿಸಿದೆ.

ಕ್ರಿಕೆಟ್ ತಿಳಿಯದವರಿಗಾಗಿ ಒಂದು ಮಾತು. ಆಫ್ ಸ್ಪಿನ್ನರನ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ಬ್ಯಾಟ್ಸ್‌ಮನ್ನಿನ ಮೈಯ ಕಡೆಗೆ, ಒಳಕ್ಕೆ ತಿರುಗುತ್ತದೆ. ಅದು ಅವನ ಬೆರಳುಗಳ ಸ್ವಭಾವ. ಹೊರಕ್ಕೆ ತಿರುಗುವುದಿಲ್ಲ. ಆಗ ನಮ್ಮ ದೇಶದಲ್ಲಿ ಹಾಗೆ ಹಾಕಬಲ್ಲವರ ಬಗ್ಗೆ ಯಾರೂ ಕೇಳಿರಲಿಲ್ಲ.

ಆ ಚೆಂಡು ಹೊರಕ್ಕೆ ತಿರುಗಿತು. ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್‌ನಲ್ಲಿ ಕ್ಯಾಚ್.

ಕಾಮೆಂಟರಿಯವನು ಪಿಚ್ಚಿನಲ್ಲಿ ಬಿರುಕಿರಬೇಕು, ಚೆಂಡು ಅದಕ್ಕೆ ಬಿದ್ದಿರಬೇಕು ಎಂದ. ಹೊರಗೆ ಕಾಮತ್ ಮಾಮನ "ಔಟ್!" ಗ್ಯಾಲರಿಯ ತುದಿಯವರೆಗೆ ಕೇಳಿಸಿತು. ಕೆಲವು ಓವರುಗಳ ನಂತರ ಇನ್ನೊಂದು. ಅದೂ ಹೊರಕ್ಕೆ. ಬ್ಯಾಟ್ಸ್‌ಮನ್ ಒಳಗೆ ಬರುವ ಚೆಂಡಿಗೆ ಕಾಲು ಚಾಚಿದ್ದನಂತೆ, ಅದು ಅವನ ಆಫ್ ಸ್ಟಂಪ್ ಕಿತ್ತುಕೊಂಡು ಹೋಯಿತು. ಈ ಸಲ ಕಾಮೆಂಟರಿಯವನು ಬಿರುಕಿನ ಮಾತೆತ್ತಲಿಲ್ಲ. ರಘು ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದಾರೆ ಎಂದ.

ಆಗ ನಾನೂ ನನ್ನ ಕೈ ನೋಡಿಕೊಂಡೆ. ಚೆಂಡು ಎಡಗೈಯಲ್ಲಿತ್ತು.

ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ. ನೆಲದಿಂದ ಎತ್ತಿಕೊಂಡದ್ದು ಬಲಗೈಯಲ್ಲಿ, ಅದು ನೆನಪಿದೆ. ಕತ್ತಲಲ್ಲಿ ಮೈಮರೆತು ಎಡಕ್ಕೆ ಬಂದಿತ್ತು. ದೊಡ್ಡಪ್ಪನ ತಿರುವು ಕನ್ನಡಿಯೊಳಗಿನ ಹಾಗೆ ತಿರುವುಮುರುವಾಗಿ ಆಗುತ್ತಿತ್ತು. ಬೆಂಕಿ ಮುಟ್ಟಿದವಳಂತೆ ಚೆಂಡನ್ನು ಬಲಗೈಗೆ ಹಾಕಿಕೊಂಡು ತಿರುಗಿಸಿದೆ. ಚೆಂಡು ಒಳಕ್ಕೆ ತಿರುಗಿತು, ಎಂದಿನ ಹಾಗೆ, ಎಂದಿತು ರೇಡಿಯೋ. ಬ್ಯಾಟ್ಸ್‌ಮನ್ ಅದನ್ನು ಸಲೀಸಾಗಿ ಬೌಂಡರಿಗೆ ಕಳಿಸಿದ್ದ.

ದೊಡ್ಡಮ್ಮ ನನ್ನ ಕಡೆ ತಿರುಗಿರಲಿಲ್ಲ. ತಿರುಗಿದ್ದರೂ ಆ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. "ಕೈ ಬದಲಿಸ್ಬೇಡ" ಎಂದರು. "ಯಾವ ಕೈಗೆ ಬರ್ತದೋ ಆ ಕೈಯಲ್ಲಿ ಹಿಡಿ. ಇಲ್ಲಿ ಯಾರೂ ಬೈಯುವವರಿಲ್ಲ."

ನಾನು ಎಡಗೈಗೆ ಹಾಕಿಕೊಂಡೆ. ಟೀ ವಿರಾಮ ಹತ್ತಿರವಾಗುವವರೆಗೂ ರಘಣ್ಣ ಬೌಲ್ ಮಾಡಿದ, ನಾನೂ ತಿರುಗಿಸಿದೆ. ನನ್ನ ಬೆರಳು ಸುಲಿದು ಉರಿಯುತ್ತಿತ್ತು. ವಿಕೆಟ್ ಬಿದ್ದಾಗಲೆಲ್ಲ ದೊಡ್ಡಮ್ಮ ಮೆಲ್ಲಗೆ, "ಸ್ವಲ್ಪ ಜೋರು ಮಾಡು, ಇವರಿಗೆ ಕೇಳ್ಲಿ" ಎನ್ನುತ್ತಿದ್ದರು. ನಾನು ಎದ್ದು ರೇಡಿಯೋ ಜೋರು ಮಾಡುತ್ತಿದ್ದೆ. ಮಂಚದಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಬೆಳಗಿನಿಂದ ಕೇಳುತ್ತಿದ್ದ ಆ ಭಾರವಾದ ಉಸಿರು ಎಷ್ಟು ಹೊತ್ತಿನಿಂದ ಕೇಳುತ್ತಿಲ್ಲ ಎನ್ನುವುದು ನನಗೆ ಹೊಳೆದದ್ದು ತೀರ ತಡವಾಗಿ.

ಟೀಗೆ ಸ್ವಲ್ಪ ಮೊದಲು ಅಲ್ಲಿ ಮಳೆ ಬಂದು ಆಟ ನಿಂತಿತು. ಇನ್ನು ಆಟ ಮುಂದುವರಿಯುವ ಸಂಭವವಿಲ್ಲ, ಪಂದ್ಯ ಡ್ರಾ ಎಂದೇ ಹೇಳಬಹುದು, ಆದರೆ ಈ ದಿನ ರಘು ಅವರದು ಎಂದು ಕಾಮೆಂಟರಿಯವನು ಹೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಇನ್ನು ಹಾಕ್ಲಿಕ್ಕಿಲ್ಲವಾ?"

"ಇಲ್ಲ ದೊಡ್ಡಮ್ಮ."

"ಹಾಗಾದರೆ ದೀಪದ ಸ್ವಿಚ್ ಹಾಕು. ನಿನ್ನ ಅಪ್ಪನನ್ನು ಕರಿ."

ಬೆಳಕಿನಲ್ಲಿ ನೋಡಿದೆ. ನೋಡಿದ ಕೂಡಲೇ ತಿಳಿಯಿತು. ದೊಡ್ಡಮ್ಮ ಹಿಡಿದುಕೊಂಡಿದ್ದ ಕೈ ಆಗಲೇ ಬಿಗಿದುಹೋಗಿತ್ತು. ಅದನ್ನು ಅವರ ಕೈಗಳಿಂದ ಬಿಡಿಸಲು ನಾನು ಸಹಾಯ ಮಾಡಬೇಕಾಯಿತು.

"ಯಾವಾಗ?" ಎಂದೆ.

"ಚೆಂಡು ಬಿತ್ತಲ್ಲ. ಆವಾಗ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಚೆಂಡು ಕೆಳಗಿಡ್ತಿದ್ದಿ."

ಆಗ ಮೊದಲ ಬಾರಿಗೆ ಅತ್ತರು.

ಮರುದಿನ ಕಿರಿಯ ಮಗ ಸಂಸ್ಕಾರ ಮಾಡಿದ. ರಘಣ್ಣ ಬಂದಾಗ ಉತ್ತರಕ್ರಿಯೆಯ ದಿನಗಳು ಇನ್ನೂ ನಡೆಯುತ್ತಿದ್ದವು. ಪತ್ರಿಕೆಗಳು ಅವನ ಹೊಸ ಅಸ್ತ್ರದ ಬಗ್ಗೆ ಬರೆದಿದ್ದವು. ಮುಂದಿನ ಪ್ರವಾಸಕ್ಕೆ ಅವನ ಹೆಸರು ಖಚಿತವೆಂದು ಎಲ್ಲರೂ ಹೇಳುತ್ತಿದ್ದರು. ಅವನು ಮಾತ್ರ ಗೋಡೆಗೆ ಒರಗಿ, ಖಾಲಿ ಮಂಚದ ಕಡೆ ನೋಡುತ್ತ ಕೂತಿದ್ದ. ಅವರ ಮನೆಗೆ ಕಾಫಿ ತಿಂಡಿ ನಮ್ಮ ಮನೆಯಿಂದ ಹೋಗುತ್ತಿತ್ತು. ನಾನು ಎರಡು ಲೋಟ ಕಾಫಿ ಹಿಡಿದು ಹೊಸ್ತಿಲಿಗೆ ಬಂದಾಗ ಅವನು ತಾಯಿಯನ್ನು ಕೇಳುತ್ತಿದ್ದ.

"ಅಮ್ಮ, ಆ ದಿನ ಲಂಚ್ ಆದ ಮೇಲೆ ಚೆಂಡು ಹಿಡಿದದ್ದು ಯಾರು?"

"ಯಾರು ಹಿಡೀತಾರೆ? ನಿನ್ನ ಅಪ್ಪಯ್ಯ."

"ಅಪ್ಪಯ್ಯ ಅಲ್ಲ. ಅಪ್ಪಯ್ಯ ಲಂಚಿಗೆ ಮೊದಲೇ ಬಿಟ್ರು. ನನ್ನ ಬೆರಳು ಒಮ್ಮೆಲೆ ತಣ್ಣಗಾಯ್ತು. ಅಲ್ಲೇ ಗೊತ್ತಾಯ್ತು ನನಗೆ. ಆಮೇಲೆ ಬಂದದ್ದು ಬೇರೆ ಕೈ. ಸಣ್ಣದು. ಹೆದರಿದ ಕೈ." ಸ್ವಲ್ಪ ತಡೆದು ಹೇಳಿದ. "ನಾನು ಒಳಕ್ಕೆ ತಿರುಗಿಸ್ತಿದ್ದೆ ಅಮ್ಮ. ಅದು ಹೊರಕ್ಕೆ ಎಳೀತಿತ್ತು."

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ.

ನಾನು ಒಳಗೆ ಹೋದೆ. ಬಲಗೈಯ ಲೋಟವನ್ನು ಅವನ ಮುಂದೆ ಚಾಚಿದೆ. ಎಡಗೈಯಲ್ಲಿದ್ದ ದೊಡ್ಡಮ್ಮನ ಲೋಟವನ್ನು ಹಿಂದಕ್ಕೆ ಹಿಡಿದಿದ್ದೆ. ಅವನು ಚಾಚಿದ ಲೋಟವನ್ನು ನೋಡಿದ. ಮುಟ್ಟಲಿಲ್ಲ. ಕೈ ಮುಂದೆ ಮಾಡಿ, ನನ್ನ ಎಡಗೈಯಲ್ಲಿದ್ದ ಲೋಟವನ್ನು ತೆಗೆದುಕೊಂಡ. ನನ್ನ ಆ ಕೈಯ ತೋರುಬೆರಳಿನ ತುದಿಯಲ್ಲಿ ಸುಲಿದಿದ್ದ ಚರ್ಮ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಅದನ್ನು ಅವನು ನೋಡಿದ.

ಆಮೇಲೆ ಅವನು ಕೆಲವು ವರ್ಷ ದೇಶಕ್ಕಾಗಿ ಆಡಿದ. ಒಳ್ಳೆಯ, ನಂಬಿಕಸ್ತ ಆಫ್ ಸ್ಪಿನ್ನರ್ ಎಂಬ ಹೆಸರು ಬಂತು. ಹೊರಕ್ಕೆ ತಿರುಗುವ ಆ ಚೆಂಡನ್ನು ಮತ್ತೆಂದೂ ಹಾಕಲಿಲ್ಲ. ಪತ್ರಕರ್ತರು ಕೇಳಿದರೆ, "ಅದು ನನ್ನದಲ್ಲ" ಎನ್ನುತ್ತಿದ್ದ. ಅದನ್ನು ವಿನಯವೆಂದು ಬರೆದರು.

ನನಗೆ ಮದುವೆಯಾಗಿ ಈಗ ಬಾಂದ್ರಾದಲ್ಲಿದ್ದೇನೆ. ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಕಾಕತಾಳೀಯ ಎಂಬ ಮಾತು ನನಗೆ ಗೊತ್ತು, ಅದನ್ನು ವಿದ್ಯಾರ್ಥಿಗಳಿಗೆ ಲೆಕ್ಕ ಹಾಕಿ ತೋರಿಸಲೂ ಬಲ್ಲೆ. ಪಿಚ್ಚಿನಲ್ಲಿ ಬಿರುಕು ಇದ್ದಿರಬಹುದು. ಕತ್ತಲೆ ಕೋಣೆಯಲ್ಲಿ ಇಪ್ಪತ್ತೆರಡರ ಹುಡುಗಿಗೆ ಏನೇನೋ ಅನ್ನಿಸಿರಬಹುದು. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಆದರೂ ಮಳೆಗಾಲದ ಸಂಜೆ ಪಕ್ಕದ ಮನೆಯಿಂದ ಇಂಗ್ಲೆಂಡಿನ ಕಾಮೆಂಟರಿ ಕೇಳಿಬಂದರೆ, ಕೈಯಲ್ಲಿರುವ ಈರುಳ್ಳಿಯನ್ನೋ ನಿಂಬೆಹಣ್ಣನ್ನೋ ಮೆಲ್ಲಗೆ ಕೆಳಗಿಟ್ಟುಬಿಡುತ್ತೇನೆ. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಓವರ್ ಮುಗಿಯುವವರೆಗೆ ಅಲುಗಾಡದೆ ನಿಲ್ಲುತ್ತೇನೆ.